ಮೂರನೆಯ ಅಂಕಕ್ಕೆ ಎದ್ದು ಬಂದವನ ಪ್ರಬಂಧ

ಯಾವುದನ್ನೂ ಕೊನೆಯವರೆಗೆ ನೋಡದೆ ಎದ್ದುಬಿಡುವುದು ನನಗೆ ಅಂಟಿಕೊಂಡ ಚಾಳಿ. ಸಿನಿಮಾಕ್ಕೆ ಹೋದರೆ ಇಂಟರ್‌ವಲ್ ಆದ ಸ್ವಲ್ಪ ಹೊತ್ತಿಗೆ ನನ್ನ ಕಾಲು ಚಪ್ಪಲಿ ಹುಡುಕಲು ಶುರುಮಾಡುತ್ತದೆ. ಭಾಷಣವಾದರೆ ವಂದನಾರ್ಪಣೆಗೆ ಮೊದಲೇ ನಾನು ಗೇಟಿನ ಹೊರಗೆ. ಕ್ರಿಕೆಟ್ ಮ್ಯಾಚಿನ ಕೊನೆಯ ಓವರನ್ನು ನಾನು ನೋಡಿದ ನೆನಪಿಲ್ಲ. ಗೆದ್ದವರು ಯಾರೆಂಬುದು ಮರುದಿನ ಅಂಗಡಿಗೆ ಬಂದ ಗಿರಾಕಿಗಳಿಂದ ತಿಳಿಯುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಶಾಹೀನಾಳನ್ನು ಗದಗಿನ ಟಾಕೀಜಿಗೆ ಕರೆದುಕೊಂಡು ಹೋಗಿ, ಅರ್ಧಕ್ಕೇ ಎಬ್ಬಿಸಿಕೊಂಡು ಬಂದಿದ್ದೆ. ಆ ಸಿನಿಮಾದ ನಾಯಕಿಗೆ ಕೊನೆಗೆ ಏನಾಯಿತೆಂದು ಅವಳು ಇವತ್ತಿಗೂ ಕೇಳುತ್ತಾಳೆ. ಏನಾಗಿರಬಹುದೆಂದು ನಾನೂ ಒಂದೊಂದು ಸಲ ಒಂದೊಂದು ಕತೆ ಹೇಳುತ್ತೇನೆ.

ಈ ಚಾಳಿ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಅದು ನನ್ನ ಬಿ.ಎ. ಪದವಿಯ ಕುತ್ತಿಗೆಗೇ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಐವತ್ತರ ಹತ್ತಿರ ಬಂದವನಿಗೆ ಎಂಥ ಬಿ.ಎ. ಎಂದು ನೀವು ಕೇಳುವುದು ಸಹಜ. ಲಕ್ಷ್ಮೇಶ್ವರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮೊದಲು ಅದು ಅಪ್ಪನದಾಗಿತ್ತು. ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ಅಪ್ಪನಿಗೆ ಸೂಜಿಯ ಕಣ್ಣು ಕಾಣದಂತಾಯಿತು. ದಾರ ಪೋಣಿಸಿಕೊಡಲು ಹೋದವನು ಹಾಗೇ ಮಷೀನಿನ ಮುಂದೆ ಕುಳಿತುಬಿಟ್ಟೆ. ಇದರಲ್ಲಿ ನನಗೆ ದುಃಖವೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ಪರೀಕ್ಷೆ ತಪ್ಪಿತೆಂದು ಒಳಗೊಳಗೇ ಖುಷಿಯಾಗಿತ್ತು. ದುಃಖವಾದದ್ದು ಅಮ್ಮನಿಗೆ. ಅಮ್ಮ ನಮ್ಮ ಹಳ್ಳಿ ಅಡರಕಟ್ಟಿಯಲ್ಲಿ, ಹೊಲ ನೋಡಿಕೊಂಡಿರುವ ನನ್ನ ತಮ್ಮನ ಮನೆಯಲ್ಲಿದ್ದಾಳೆ. ನಮ್ಮ ಮನೆಮಾತು ಅರ್ಧ ಉರ್ದು, ಅರ್ಧ ಕನ್ನಡ; ಆದರೆ ನನ್ನ ಓದಿನ ವಿಷಯ ಬಂದಾಗ ಮಾತ್ರ ಅಮ್ಮ ಪೂರಾ ಕನ್ನಡಕ್ಕೆ ಇಳಿಯುತ್ತಾಳೆ, ಬೈಯುವುದಕ್ಕೆ ಅದೇ ಅನುಕೂಲವೆಂದು ಕಾಣುತ್ತದೆ.

"ಅಂಗಿ ಹೊಲಿಯಾಕ ಊರಾಗ ಮಂದಿ ಅದಾರಲೇ ಮಾಬು. ಹಿಡಿದದ್ದು ಒಂದರೆ ಮುಗಸು" ಎಂದು ಇಷ್ಟು ವರ್ಷ ಅಂದಳು. ಕೊನೆಗೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಕೋರ್ಸಿಗೆ ಹೆಸರು ಹಚ್ಚಿದೆ. ಅಂದಿನಿಂದ ಅಡರಕಟ್ಟಿಗೆ ಹೋದಾಗಲೆಲ್ಲ ಅಮ್ಮನ ಮೊದಲ ಪ್ರಶ್ನೆ, "ಎಲ್ಲೀಮಟಾ ಬಂತು ನಿನ್ನ ಬಿ.ಎ.?" ಬರಬೇಕಾದ ಬಸ್ಸನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಾಳೆ. ನಾನೂ ಬಂತು ಬಂತು ಎನ್ನುತ್ತಾ ಹೇಗೋ ಎಲ್ಲ ಪತ್ರಿಕೆಗಳನ್ನು ದಾಟಿದೆ. ಉಳಿದದ್ದು ನಾಟಕದ ಪತ್ರಿಕೆಯ ಒಂದು ಪ್ರಬಂಧ. ಅದು ಪಾಸಾದರೆ ಪದವಿ. ಆಗದಿದ್ದರೆ ನನ್ನ ನೋಂದಣಿಯ ಅವಧಿ ಈ ವರ್ಷಕ್ಕೆ ಮುಗಿದು, ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಇನ್ನೊಮ್ಮೆ ಮೊದಲಿನಿಂದ ಬರೆಯುವ ಎದೆ ನನಗಿರಲಿಲ್ಲ, ಇನ್ನೊಮ್ಮೆ ಕಾಯುವ ವಯಸ್ಸು ಅಮ್ಮನಿಗಿರಲಿಲ್ಲ.

ಭಾನುವಾರಗಳಂದು ಗದಗಿನಲ್ಲಿ ನಮಗೆ ಪಾಠ. ಶಾಲೆಯ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರುವ ಇಪ್ಪತ್ತು ಮಂದಿ ನಾವು. ಪಾಠ ಹೇಳುವ ಮೇಡಂ ಬೆಟಗೇರಿಯವರು, ನನ್ನ ಅರ್ಧ ವಯಸ್ಸು. ಅವರು ಬೋರ್ಡಿನ ಮೇಲೆ ಪ್ರಬಂಧದ ವಿಷಯ ಬರೆದರು: ಪಠ್ಯದಲ್ಲಿರುವ ಹಳೆಯ ನಾಟಕದ ಆಶಯ ಮತ್ತು ಸಂಕೇತಗಳು. ಕೆಳಗೆ ನಾಟಕದ ಹೆಸರು. ಅದನ್ನು ಓದಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಎಲ್ಲರೂ 'ಮಂತ್ರಿ ನಾಟಕ' ಎಂದು ಕರೆಯುವ ಅದೇ ನಾಟಕ. ಅದರ ಮಂತ್ರಿ ನಾನೇ.

ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ನಾಟಕವಾಡುವ ರೂಢಿ. ಇಪ್ಪತ್ತನೆಯ ವಯಸ್ಸಿಗೆ ಬಣ್ಣ ಹಚ್ಚಿದವನು, ಈಗಲೂ ಹೇಳಿಕಳಿಸಿದರೆ ಬಟ್ಟೆ ಹೊಲಿಯುವುದು ಬಿಟ್ಟು ಹೋಗುತ್ತೇನೆ. ಅಡರಕಟ್ಟಿಯಲ್ಲಷ್ಟೇ ಅಲ್ಲ, ಶಿರಹಟ್ಟಿಯ ಸುತ್ತಿನ ಹಳ್ಳಿಗಳಲ್ಲಿ, ಹೊಳೆದಂಡೆಯ ಸಿಂಗಟಾಲೂರಿನಲ್ಲಿ, ಎಲ್ಲ ಕಡೆ ನಾನೇ ಮಂತ್ರಿ. ಕತೆ ಸರಳ. ರಾಜ ತಾನು ನಂಬಿದ ಮಂತ್ರಿಗೆ ಸ್ವಂತ ಕೈಯಿಂದ ಕೆಂಪು ರುಮಾಲು ಸುತ್ತುತ್ತಾನೆ. ಎರಡನೆಯ ಅಂಕದಲ್ಲಿ ರಾಜ ವೈರಿಯ ಕೈಗೆ ಸೆರೆ ಸಿಗುತ್ತಾನೆ. ಮೂರನೆಯ ಅಂಕದಲ್ಲಿ ಆ ಮಂತ್ರಿ ವೈರಿಯ ಕಡೆ ಸೇರಿ, ಅವನ ಕೋಟೆಗೆ ಹೋಗಿ, ತಲೆಯ ಮೇಲಿನ ರುಮಾಲು ತೆಗೆದು ಪಡುವಣ ಬಾಗಿಲ ಹೊರಗಿಟ್ಟು, ಜೋರಾಗಿ ನಕ್ಕು ಒಳಗೆ ಹೋಗುತ್ತಾನೆ. ನಾಲ್ಕನೆಯ ಅಂಕದಲ್ಲಿ ರಾಜ ಬೇಡಿಯಲ್ಲಿ ನಿಂತು ಮಂತ್ರಿಯನ್ನು ಶಪಿಸುತ್ತಾನೆ. ಆಮೇಲೆ ಮಂಗಳಾರತಿ.

ಆ ನಗೆಗೆ ನಾನು ಬಹಳ ಕಷ್ಟಪಟ್ಟಿದ್ದೆ. ಮಷೀನಿನ ಸದ್ದಿನಲ್ಲಿ ಯಾರಿಗೂ ಕೇಳಿಸದೆಂದು ಅಂಗಡಿಯಲ್ಲೇ ತಾಲೀಮು ಮಾಡುತ್ತಿದ್ದೆ. ಒಮ್ಮೆ ಜಂಪರಿನ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಬಾಗಿಲಿಂದಲೇ ತಿರುಗಿ ಹೋದಳು. ಆದರೆ ಫಲ ಸಿಕ್ಕಿತು. ಸಿಂಗಟಾಲೂರಿನಲ್ಲಿ ನಾಟಕವಾದ ಎಷ್ಟೋ ದಿನದ ಮೇಲೆ ಮಿರ್ಚಿ ತಿನ್ನಲು ಹೋದರೆ, ಬಾಣಲೆಯ ಮುಂದಿದ್ದ ಅಜ್ಜಿ ನನ್ನನ್ನು ಗುರುತಿಸಿ, "ರಾಜಾನ್ನ ಮಾರಿದಾಂವಗ ನಮ್ಮಲ್ಲಿ ಮಿರ್ಚಿ ಇಲ್ಲ, ಮುಂದಕ ಹೋಗು" ಎಂದಳು. ನಾನು ಊರಿಗೆ ಬಂದು ಇದನ್ನೇ ಪದಕ ಸಿಕ್ಕವನ ಹಾಗೆ ಹೇಳಿಕೊಂಡು ತಿರುಗಿದೆ. ಬೈಸಿಕೊಂಡಷ್ಟೂ ನಟ ದೊಡ್ಡವನೆಂದು ನಮ್ಮಲ್ಲಿ ಲೆಕ್ಕ.

ಅಮ್ಮ ಮಾತ್ರ ಒಂದೇ ಸಲ ನಾಟಕಕ್ಕೆ ಬಂದದ್ದು. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ನೀಲವ್ವನ ಜೊತೆ ಕುಳಿತಿದ್ದಳು. ನಾನು ರುಮಾಲು ತೆಗೆದಿಟ್ಟು ನಕ್ಕಾಗ ನೀಲವ್ವ ಎದ್ದು ನಿಂತು, "ಇವನ ಬಾಯಾಗ ಮಣ್ಣ ಬೀಳ್ಲಿ" ಎಂದು ಕೂಗಿದಳಂತೆ. ನೀಲವ್ವ ನನ್ನನ್ನು ಎತ್ತಿ ಆಡಿಸಿದವಳು, ಆದರೆ ಆ ಕ್ಷಣಕ್ಕೆ ಅದೆಲ್ಲ ಮರೆತಿತ್ತು. ಸುತ್ತ ಕುಳಿತವರೂ ಬಾಯಿಗೆ ಬಂದದ್ದು ಅಂದರು. ಅಮ್ಮ ಚಾಪೆ ಸುತ್ತಿಕೊಂಡು ಮನೆಗೆ ಬಂದುಬಿಟ್ಟಳು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಮಗ ಹೆಸರು ಕೆಡಿಸಿದನೆಂದು ಅವಳಿಗೆ ನಾಚಿಕೆಯಾಗಿದೆ ಎಂದೇ ನಾನು ತಿಳಿದಿದ್ದೆ.

ಇರಲಿ, ಪ್ರಬಂಧಕ್ಕೆ ಬರುತ್ತೇನೆ. ತರಗತಿಯಲ್ಲಿ ನನ್ನ ಪಕ್ಕ ಕೂರುವವಳು ಮುಂಡರಗಿಯ ಒಬ್ಬ ಪೊಲೀಸ್ ಪೇದೆ, ಬಹಳ ಚುರುಕು. "ಅಂಕಲ್, ತಲಿ ಯಾಕ ಕೆಡಿಸಿಕೊಳ್ತೀರಿ? ಫೋನಿಗೆ ಹೇಳ್ರಿ, ಅದ ಬರದ ಕೊಡತೈತಿ" ಎಂದು ತನ್ನ ಫೋನು ತೋರಿಸಿದಳು. ಬರೆದಿತ್ತು, ಇಲ್ಲವೆನ್ನಲಾರೆ. ಅಧಿಕಾರದ ದಾಹ, ತ್ಯಾಗದ ಹಿರಿಮೆ, ಮನುಷ್ಯನ ಅಂತರಂಗದ ತುಮುಲ, ಹೀಗೆ ಎರಡು ಪುಟ. ಸಂತೆಯಲ್ಲಿ ತೂಗುಹಾಕಿದ ರೆಡಿಮೇಡ್ ಅಂಗಿಯ ಹಾಗೆ ಯಾವ ನಾಟಕದ ಮೈಗಾದರೂ ತೊಡಿಸಬಹುದಿತ್ತು. ದರ್ಜಿಯ ಜಾತಿಗೆ ಸೇರಿದವನಿಗೆ ಅದು ಒಗ್ಗುವ ಮಾತಲ್ಲ. ನಾನೇ ಬರೆದೆ. ಪುಸ್ತಕವನ್ನು ಕೊಂಡೇನೋ ತಂದಿದ್ದೆ, ಆದರೆ ತೆರೆಯಲಿಲ್ಲ. ಇಷ್ಟು ವರ್ಷ ಆಡಿದ ನಾಟಕ ಓದುವುದೇನು ಬಂತು? ಆಶಯ: ದ್ರೋಹ. ಸಂಕೇತ: ಕೆಂಪು ರುಮಾಲು, ಮಾನ ಬಿಟ್ಟವನು ಮೊದಲು ರುಮಾಲು ಬಿಡುತ್ತಾನೆ. ಆ ನಗೆಯ ಬಗ್ಗೆ ಒಂದೂವರೆ ಪುಟ ಬರೆದೆ, ನನ್ನದೇ ನಗೆಯಾದ್ದರಿಂದ ಕೈ ತಡೆಯಲಿಲ್ಲ.

ಮುಂದಿನ ಭಾನುವಾರ ಪ್ರಬಂಧ ವಾಪಸು ಬಂತು. ಅಂಕದ ಜಾಗ ಖಾಲಿ. ಕೆಳಗೆ ಕೆಂಪು ಶಾಯಿಯಲ್ಲಿ, 'ಐದನೆಯ ಅಂಕ?' ಎಂದು ಬರೆದಿತ್ತು. ಪಾಠ ಮುಗಿದ ಮೇಲೆ ಮೇಡಂ ಕರೆದರು.

"ಮಾಬುಸಾಬ್ರ, ಭಾಳ ಚಂದ ಬರದೀರಿ. ಆದ್ರ ನಾಟಕ ಓದೀರೇನು?"

"ಓದೂದೇನ್ರಿ ಮೇಡಂ, ಆ ನಾಟಕ ನನಗ ಬಾಯಿಪಾಠ ಐತಿ."

"ಪೂರಾ?"

"ನನ್ನ ಪಾರ್ಟು ಪೂರಾ."

ಅವರು ತುಟಿ ಕಚ್ಚಿಕೊಂಡು ನಗು ನುಂಗಿದರು. "ಇದನ್ನ ಹಿಂಗ ಪಾಸ್ ಮಾಡಾಕ ಬರೂದಿಲ್ಲರಿ. ಮುಂದಿನ ಆಯಿತಾರ ಕಡೀ ದಿನ ಐತಿ. ಪುಸ್ತಕದಾಗ ಐದನೇ ಅಂಕ ಅಂತ ಒಂದೈತಿ. ಅದನ್ನ ಓದಿ, ಮತ್ತ ಬರ್ಕೊಂಡು ಬರ್ರಿ."

ಇಲ್ಲಿ ನಿಮಗೊಂದು ಸಂಗತಿ ಹೇಳಬೇಕು. ಹಳ್ಳಿಯ ನಾಟಕದಲ್ಲಿ ಯಾರೂ ಯಾರಿಗೂ ಪೂರ್ತಿ ಪುಸ್ತಕ ಕೊಡುವುದಿಲ್ಲ. ಪುಸ್ತಕ ಇರುವುದು ಒಂದೇ, ಅದು ಹಾರ್ಮೋನಿಯಂ ಮಾಸ್ತರರ ಪೆಟ್ಟಿಗೆಯಲ್ಲಿ. ಅವರು ಒಬ್ಬೊಬ್ಬರ ಮಾತನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದು ಹಂಚುತ್ತಾರೆ. ಎದುರಿನವನ ಮಾತಿನ ಕೊನೆಯ ಎರಡು ಶಬ್ದ, ಆಮೇಲೆ ನಿನ್ನ ಮಾತು. ಎದುರಿನವನು ಅದಕ್ಕೆ ಮೊದಲು ಏನು ಹೇಳಿದನೆಂಬುದು ನಿನ್ನ ಕೆಲಸವಲ್ಲ. ಹಾಗಾಗಿ ನನ್ನ ಪಾಲಿಗೆ ಆ ನಾಟಕವೆಂದರೆ ಬೇರೆಯವರ ಮಾತಿನ ಬಾಲಗಳು. ನನ್ನ ಹಾಳೆಯಲ್ಲಿ ಕೊನೆಯ ಸಾಲು 'ರುಮಾಲು ತೆಗೆದಿಟ್ಟು, ನಕ್ಕು, ಒಳಗೆ ಹೋಗುವನು' ಎಂದಿತ್ತು. ನಾನು ಒಳಗೆ ಹೋಗಿ, ಕೊಬ್ಬರಿಎಣ್ಣೆಯಲ್ಲಿ ಬಣ್ಣ ಒರೆಸಿಕೊಂಡು, ಲಕ್ಷ್ಮೇಶ್ವರದ ಮೊದಲ ಬಸ್ಸಿಗೆ ನಡೆಯುತ್ತಿದ್ದೆ. ಬೆಳಿಗ್ಗೆ ಅಂಗಡಿ ತೆರೆಯಬೇಕಲ್ಲ. ಅರ್ಧಕ್ಕೆ ಏಳುವ ಚಾಳಿ ಅಲ್ಲಿ ಹುಟ್ಟಿದ್ದು. ನಾಲ್ಕನೆಯ ಅಂಕದ ಕತೆಯೂ ನನಗೆ ಊರವರ ಬಾಯಿಂದ ಗೊತ್ತಾದದ್ದೇ. ಐದನೆಯದನ್ನು ಊರವರೂ ಹೇಳಿರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಬಂದು, ಅಂಗಡಿಯ ಬಾಗಿಲು ಅರ್ಧ ಎಳೆದು, ಪುಸ್ತಕ ತೆರೆದೆ. ಐದನೆಯ ಅಂಕ ಆರೇ ಪುಟ. ಮಂತ್ರಿ ರುಮಾಲು ಇಟ್ಟುಹೋದ ಪಡುವಣ ಬಾಗಿಲನ್ನು ರಾಜನ ದಂಡು ನೋಡುತ್ತದೆ. ರುಮಾಲಿನ ಗುರುತಿನಿಂದ ಕಾವಲಿಲ್ಲದ ಬಾಗಿಲು ಅದೇ ಎಂದು ಅವರಿಗೆ ತಿಳಿಯುತ್ತದೆ. ಒಳನುಗ್ಗಿ ರಾಜನ ಬೇಡಿ ಕಳಚುತ್ತಾರೆ. ಮಂತ್ರಿ ಯಾರಿಗೂ ಹೇಳದೆ ಇದ್ದದ್ದೇಕೆಂದರೆ, ರಾಜನ ಅಂತಃಪುರದಲ್ಲೇ ವೈರಿಯ ಕಿವಿ ಇತ್ತು. ಒಬ್ಬನಿಗೆ ಹೇಳಿದ್ದರೂ ರಾಜ ಉಳಿಯುತ್ತಿರಲಿಲ್ಲ. ಬಾಗಿಲು ಮುಚ್ಚಿಹೋಗದ ಹಾಗೆ ಒಳಗಿನಿಂದ ಒಬ್ಬನೇ ತಡೆದು ನಿಂತ ಮಂತ್ರಿ ಅಲ್ಲೇ ಸತ್ತಿರುತ್ತಾನೆ. ರಾಜ ಆ ಕೆಂಪು ರುಮಾಲನ್ನು ಎತ್ತಿ ಕಣ್ಣಿಗೊತ್ತಿಕೊಂಡು, ತಪ್ಪಾಯಿತೆಂದು ಅತ್ತು, ಅದನ್ನು ತನ್ನ ತಲೆಗೇ ಸುತ್ತಿಕೊಳ್ಳುತ್ತಾನೆ. ಅಲ್ಲಿಗೆ ನಾಟಕ ಮುಗಿಯುತ್ತದೆ.

ಪುಸ್ತಕ ಮುಚ್ಚಿಟ್ಟೆ. ನಾನು ದ್ರೋಹಿಯಲ್ಲ. ಹುಚ್ಚುತನ ಅನ್ನಿ, ಆದರೆ ಆ ಹೊತ್ತಿಗೆ ನನಗೆ ಆದ ನಿರಾಳ ಅಷ್ಟಿಷ್ಟಲ್ಲ. ಯಾವುದೋ ಕಾಗದದ ಮಂತ್ರಿ ಒಳ್ಳೆಯವನಾದರೆ ಲಕ್ಷ್ಮೇಶ್ವರದ ದರ್ಜಿಗೆ ಏನು ಬಂತೆಂದು ನನ್ನನ್ನೇ ಕೇಳಿಕೊಂಡೆ. ಬೈಗುಳಗಳನ್ನು ಪದಕವೆಂದು ಹೇಳಿಕೊಂಡು ತಿರುಗಿದರೂ, ಒಂದೆರಡು ಎಲ್ಲೋ ಒಳಗೆ ನಾಟಿಕೊಂಡಿದ್ದವೆಂದು ಅವತ್ತು ಗೊತ್ತಾಯಿತು. ಎದುರು ಅಂಗಡಿಯ ಕಿರಾಣಿಯವನನ್ನು ಕರೆದು, "ಏ, ಮಂತ್ರಿ ಚಲೋ ಮನಶ್ಯಾ ಅದಾನ ನೋಡ್ರಿ" ಎಂದೆ. ಅವನು ಯಾವ ಪಕ್ಷದವನು ಎಂದು ಕೇಳಿದ.

ಮರುದಿನವೇ ಮುಂಡರಗಿಗೆ ಹೋದೆ. ನಮ್ಮ ಹಾರ್ಮೋನಿಯಂ ಮಾಸ್ತರರು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ, ನಾಟಕದ ಹೊತ್ತಿಗೆ ಮಾತ್ರ ಊರಿಗೆ ಬರುತ್ತಾರೆ. ಹಲ್ಲು ಹೋಗಿವೆ, ಬೆರಳು ಮಾತ್ರ ಕುಳಿತಲ್ಲೇ ತೊಡೆಯ ಮೇಲೆ ಯಾವುದೋ ಪದ ನುಡಿಸುತ್ತಿರುತ್ತವೆ. ಐದನೆಯ ಅಂಕ ಎಲ್ಲಿಗೆ ಹೋಯಿತೆಂದು ನಾನು ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ.

"ಎಲ್ಲೂ ಹೋಗಿಲ್ಲಪಾ, ನನ್ನ ಪೆಟಗ್ಯಾಗ ಐತಿ" ಎಂದರು ಅವರು ಆರಾಮವಾಗಿ. "ನಾಕನೇ ಅಂಕ ಮುಗಿಯೂದ್ರಾಗ ಮೂಡಲ ಕಡೆ ಬೆಳಕು ಹರೀತಿತ್ತು. ಹೆಣಮಕ್ಕಳಿಗೆ ಹಾಲು ಹಿಂಡೂದು, ಗಣಮಕ್ಕಳಿಗೆ ಹೊಲ. ಬಿಸಲಾಗ ಬಣ್ಣ ಇಳದ ರಾಜಾನ್ನ ಯಾರು ನೋಡತಾರ? ಮೊದಲನೇ ವರ್ಷ ಬಿಟ್ವಿ. ಯಾರೂ ಕೇಳಲಿಲ್ಲ. ಹಂಗ ಬಿಟ್ಕೋಂತ ಬಂದ್ವಿ."

"ನನಗರೆ ಹೇಳಬೇಕಿತ್ತಿಲ್ರಿ? ಮಂತ್ರಿ ಚಲೋ ಅದಾನಂತ?"

"ಹೇಳಿದ್ರ ನೀ ಹಂಗ ನಗತಿದ್ದೇನು?" ಮಾಸ್ತರರ ಬೆರಳು ತೊಡೆಯ ಮೇಲೆ ನಿಂತವು. "ಗೊತ್ತಿದ್ದಾಂವ ನಕ್ಕಿದ್ರ ವೈರಿ ನಂಬತಿದ್ದಿಲ್ಲ. ಮಂದೀನೂ ನಂಬತಿದ್ದಿಲ್ಲ. ಬಾಯಿ ಮುಚ್ಚಿ ಚಾ ಕುಡಿ."

ಚಹಾ ಕುಡಿದು ಬಸ್ಸು ಹತ್ತಿದೆ. ಮಾಸ್ತರರು ಇದನ್ನು ಮೊದಲೇ ಯೋಚಿಸಿ ಮಾಡಿದ್ದರೋ, ಅಥವಾ ನಾನು ಕೇಳಿದ್ದಕ್ಕೆ ಅಲ್ಲಿಯೇ ಹೊಸೆದರೋ, ನನಗೆ ಈಗಲೂ ಅನುಮಾನವಿದೆ. ಅವರು ತಾಳ ತಪ್ಪಿದಾಗಲೂ ಅದೇ ಸರಿಯಾದ ತಾಳವೆಂದು ವಾದಿಸುವ ಆಸಾಮಿ. ಆದರೆ ಮುಂಡರಗಿಯಿಂದ ವಾಪಸು ಬರುವಷ್ಟರಲ್ಲಿ ನನ್ನ ಪ್ರಬಂಧ ತಲೆಯಲ್ಲಿ ತಯಾರಾಗಿತ್ತು. ಆಶಯ ದ್ರೋಹವಲ್ಲ, ಎಲ್ಲರೂ ಬೈಯುವಾಗ ಬಾಯಿ ಬಿಡದೆ ನಿಲ್ಲುವುದು. ರುಮಾಲು ಮಾನ ಬಿಟ್ಟದ್ದರ ಗುರುತಲ್ಲ. ಅದು ತನ್ನ ಮಾನವನ್ನು ಬಾಗಿಲಲ್ಲಿ ಒತ್ತೆಯಿಟ್ಟು ಇನ್ನೊಬ್ಬನ ಜೀವ ಬಿಡಿಸಿಕೊಂಡದ್ದರ ಗುರುತು. ನಗೆಯ ಒಂದೂವರೆ ಪುಟವನ್ನು ಕಾಲು ಪುಟಕ್ಕೆ ಕತ್ತರಿಸಿದೆ. ಬಟ್ಟೆ ಕತ್ತರಿಸುವಾಗ ಆಗದಷ್ಟು ಸಂಕಟವಾಯಿತು. ಹಳ್ಳಿಯ ಆಟದಲ್ಲಿ ಐದನೆಯ ಅಂಕ ಬಿದ್ದುಹೋದದ್ದನ್ನೂ, ಅದರಿಂದ ಒಬ್ಬ ದರ್ಜಿ ಇಷ್ಟು ವರ್ಷ ಮೋಸಹೋದದ್ದನ್ನೂ ಮುಚ್ಚುಮರೆಯಿಲ್ಲದೆ ಬರೆದೆ.

ಭಾನುವಾರ ಮೇಡಂ ಅದನ್ನು ನನ್ನ ಎದುರಿಗೇ ಓದಿದರು. ಓದುವಾಗ ಒಂದು ಕಡೆ ನಕ್ಕರು, ಒಂದು ಕಡೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪೆನ್ನು ತೆಗೆದು ಅಂಕದ ಜಾಗ ತುಂಬಿದರು. "ಮಾಬುಸಾಬ್ರ, ಫೋನು ಬರೆಯೂ ಪ್ರಬಂಧ ಓದಿ ಓದಿ ಸಾಕಾಗಿತ್ತರಿ. ಒಬ್ಬರರೆ ಖರೇನ ತಪ್ಪು ಮಾಡಿದವ್ರು ಸಿಕ್ಕಿರಲ್ಲ, ಜೀವಕ್ಕ ಸಮಾಧಾನ ಆತು" ಎಂದರು. ಪೊಲೀಸ್ ಹುಡುಗಿ ಬೆಂಚು ಬಡಿದು ಚಪ್ಪಾಳೆ ಶುರುಮಾಡಿದಳು. ಕಡೆಯ ಪಾಠವೆಂದು ನಡೆದ ಪುಟ್ಟ ಸಮಾರಂಭದಲ್ಲಿ ನಾನು ಅವತ್ತು ವಂದನಾರ್ಪಣೆಯವರೆಗೂ ಕುಳಿತಿದ್ದೆ.

ಅಲ್ಲಿಂದ ಸೀದಾ ಅಡರಕಟ್ಟಿ. ಮೈ ಎಷ್ಟು ಹಗುರಾಗಿತ್ತೆಂದರೆ ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋದೆ. ಅಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಹೆಸರುಕಾಳಿನಲ್ಲಿ ಹರಳು ಆರಿಸುತ್ತಿದ್ದಳು.

"ಎಲ್ಲೀಮಟಾ ಬಂತು?"

"ಬಂದ ಬಿಟ್ತಮ್ಮಾ. ಮುಗೀತು. ಪಾಸಾದೆ."

ಅಮ್ಮ ಕೈಯೆತ್ತಿ ದೇವರನ್ನು ನೆನೆದಳು. ನನ್ನ ಕೆನ್ನೆ ಸವರಿ, ಆ ಕೈಯನ್ನು ತುಟಿಗೆ ಹಚ್ಚಿಕೊಂಡಳು. ಆಮೇಲೆ, "ಏನ ಬರದೀಪಾ ಅದರಾಗ? ಓದು, ಕೇಳೂಣು" ಎಂದಳು. ನನಗೂ ಅದೇ ಬೇಕಿತ್ತು. ಗೋಡೆಗೆ ಒರಗಿ ಕುಳಿತು ಪೂರ್ತಿ ಓದಿದೆ. ಪುಸ್ತಕದ ಮಾತು ಬಂದಲ್ಲಿ ನಿಲ್ಲಿಸಿ ನಮ್ಮ ಮಾತಿನಲ್ಲಿ ಹೇಳಿದೆ. ರಾಜ ರುಮಾಲನ್ನು ಕಣ್ಣಿಗೊತ್ತಿಕೊಂಡು ಮಾಫಿ ಕೇಳುವ ಜಾಗ ಬಂದಾಗ ಅಮ್ಮನ ಮುಖ ಅರಳಿತು.

"ಹಂಗಾರ ನೀ ರಾಜಾನ್ನ ಮಾರಿಲ್ಲ."

"ಇಲ್ಲಮ್ಮಾ."

"ನೀಲವ್ವಗ ಇವತ್ತ ಹೇಳತೇನಿ. ಅಕಿ ಬೈದದ್ದು ಇನ್ನೂ ನನ್ನ ಕಿವ್ಯಾಗ ಐತಿ." ಮೊರವನ್ನು ಜಾಡಿಸಿ ಮತ್ತೆ ಕಾಳಿಗೆ ಕೈ ಹಾಕಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿದಳು. "ಮತ್ತ ರಾಜಾ ಮಾಫಿ ಕೇಳಬೇಕಾದ್ರ ಮಂತ್ರಿ ಎಲ್ಲದಾನ? ಅಂವ ಯಾಕ ಏನೂ ಅನ್ನೂದಿಲ್ಲ? ರುಮಾಲಿಗ್ಯಾಕ ಮಾಫಿ ಕೇಳತಾನ?"

ಆ ಸಾಲನ್ನು ನಾನು ಬಾಯಲ್ಲೇ ನುಂಗಿ ಓದಿದ್ದೆನೆಂದು ಕಾಣುತ್ತದೆ. "ಅಂವ ಇರೂದಿಲ್ಲಮ್ಮಾ. ಬಾಗಲದಾಗ ತಡದು ನಿಂತು ಸತ್ತಿರತಾನ" ಎಂದೆ.

ಅಮ್ಮನ ಕೈ ಕಾಳಿನಲ್ಲೇ ನಿಂತಿತು. ಖುಷಿಯ ದಿನ ಇದೇಕೆ ಬಂತೆಂದು ನಾನು ಮಾತು ಬದಲಿಸಿದೆ. ಈ ಸಲ ನಾಟಕ ಸಂಜೆಗೇ ಶುರುಮಾಡಿ ಐದೂ ಅಂಕ ಆಡುತ್ತೇವೆ, ಬಸ್ಸಿನಿಂದಲೇ ಫೋನು ಮಾಡಿದ್ದೆ, ನನ್ನ ಸುದ್ದಿ ಕೇಳಿ ನಾಟಕದ ಹುಡುಗರು ಒಪ್ಪಿದ್ದಾರೆ, ನೀನು ಬಂದು ಮುಂದಿನ ಸಾಲಿನಲ್ಲಿ ಕೂರಬೇಕು, ಇನ್ನು ಯಾರೂ ನನ್ನನ್ನು ಬೈಯುವುದಿಲ್ಲ ಎಂದೆ.

"ಬ್ಯಾಡ" ಎಂದಳು ಅಮ್ಮ. "ಮಾಸ್ತರಗ ಹೇಳು, ನಾಕ ಅಂಕಕ್ಕ ನಿಂದರಸಂತ. ಮಂದಿ ಬೈತಾರ, ಬೈಲಿ. ಬೈಸಿಕೊಂಡರೆ ನೀ ಮನಿಗೆ ಬರತೀಯಲ್ಲ."